ಬಾಮೈದನ ರೇಟು

ಮಹಾಂತೇಶ್: ಅಂದ್ರೆ ನನ್ ಬಾಮೈದ ಸುಳ್ಳು ಬಿಲ್ ಕೊಟ್ಟಾನೆ ಅಂತೀರೇನ್ರಿ?

ಅವನು ಮೇಜು ಗುದ್ದಿದ ರಭಸಕ್ಕೆ ಕಸ್ಟಮ್ಸ್ ಕಾಗದಪತ್ರ ನೋಡಿಕೊಳ್ಳುವ ಕ್ಲಿಯರಿಂಗ್ ಏಜೆಂಟ್ ಫಜಲುಲ್ಲಾ ಅವರ ಚಹಾ ಬಸಿಗೆ ಚೆಲ್ಲಿತು. ದಾವಣಗೆರೆ ಪಕ್ಕದ ಕರೂರಿನ ಶೆಡ್ಡಿಗೆಂದು ಚೀನಾದಿಂದ ತರಿಸಿದ ಪೇಪರ್ ಕಪ್ ಮಷಿನ್ ಚೆನ್ನೈ ಬಂದರಿನಲ್ಲಿ ಸಿಕ್ಕಿಕೊಂಡು ಹನ್ನೆರಡು ದಿನವಾಗಿತ್ತು. ಮಾರಿದವನು ಪಕ್ಕದಲ್ಲೇ ಕೂತಿದ್ದ ಹೆಂಡತಿ ರೂಪಶ್ರೀಯ ತಮ್ಮ ಅಶ್ವಥ್; ಚೀನಾದಲ್ಲೇ ಅವನ ವ್ಯಾಪಾರ. ಆರು ಲಕ್ಷಕ್ಕೆ ಸಿಕ್ಕಿತೆಂದು ಮಹಾಂತೇಶ್ ದಾವಣಗೆರೆಯ ತುಂಬ ಹೇಳಿಕೊಂಡು ತಿರುಗಿದ್ದ. ಕಸ್ಟಮ್ಸ್‌ನವರು ಎಂಟು ಲಕ್ಷವೆಂದು ಲೆಕ್ಕ ಹಿಡಿದು ಸುಂಕ ಹಾಕಲು ಹೊರಟಿದ್ದರು.

ಫಜಲುಲ್ಲಾ: ಸುಳ್ಳು ಅಂದಿಲ್ರಿ. ಸಂಬಂಧಿಕರು ಅಂತ ಕಮ್ಮಿ ಹಾಕಿರಬಹುದು ಅಂತ ಅವರಿಗೆ ಅನುಮಾನ.

ಮಹಾಂತೇಶ್: ಕಮ್ಮಿ ಹಾಕದೆ ಇರಾಕೆ ಅವನೇನು ಪರದೇಶಿನಾ?

ಫಜಲುಲ್ಲಾ: ಅದನ್ನೇ ಅಲ್ಲಿ ಹೇಳಬ್ಯಾಡ್ರಿ ಅಂತಿರೋದು!

ಮಹಾಂತೇಶ್: ಹಂಗಾದ್ರೆ ನಮಗೂ ಅವನಿಗೂ ಮಾತಿಲ್ಲ ಅಂತ ಬರೀರಿ.

ರೂಪಶ್ರೀ: ಬರೀರಿ ಸಾಬ್ರೇ. ಇವರಿಗೂ ನನಗೂ ಮಾತಿಲ್ಲ ಅಂತಾನೂ ಸೇರಿಸ್ರಿ.

ಫಜಲುಲ್ಲಾ: ಬರೆದ್ರೆ ಸಂಬಂಧ ಹೋಗಲ್ಲಮ್ಮ. ಹೊರಗಿನವರಿಗೂ ಇದೇ ರೇಟಿಗೆ ಮಾರ್ಯಾನೆ ಅಂತ ತೋರಿಸಿದ್ರೆ ಈ ಬಿಲ್ಲೇ ನಡೀತೈತೆ. ಅದರ ಮ್ಯಾಲೆ ಹಡಗಿನ ಬಾಡಿಗೆ, ಇನ್ಶೂರೆನ್ಸ್ ಕೂಡಿಸ್ತಾರೆ, ಅಷ್ಟೇ.

ಮಹಾಂತೇಶ್: ಹಡಗಿನ ಬಾಡಿಗೆಗೂ ಸುಂಕಾನಾ? ಹಡಗೇನು ಕರೂರಿಗೆ ಬರ್ತೈತಾ?

ರೂಪಶ್ರೀ: ನೀವು ಸುಮ್ಕಿರ್ರಿ. ನಮಗೆ ನೆಂಟಸ್ತಿಕೆ ಇಲ್ದ ಹರಿಹರದ ತಿಮ್ಮೇಶಣ್ಣನೂ ಹೋದ ತಿಂಗಳು ಅಶ್ವಥ್ ಹತ್ರ ಇಂಥದ್ದೇ ಮಷಿನ್ ತಗಂಡಾನೆ. ಅವನ ಬಿಲ್ ತರಿಸಿದ್ರೆ?

ಮಹಾಂತೇಶ್ ಅವಳ ಫೋನಿಗೆ ಕೈ ಚಾಚಿದ.

ಮಹಾಂತೇಶ್: ಬ್ಯಾಡ ಮಾರಾಯ್ತಿ! ಅವನಿಗೆ ಪೂರಾ ಎಂಟು ಜಡಿದಿರ್ತಾನೆ. ಆ ಬಿಲ್ ತೋರಿಸಿದ್ರೆ ನಾವು ಮುಳುಗಿದ್ವಿ!

ಅಷ್ಟರಲ್ಲಿ ರೂಪಶ್ರೀ ತಿಮ್ಮೇಶನಿಗೆ ಫೋನು ಮಾಡಿಯಾಗಿತ್ತು. ಬಿಲ್ಲು ವಾಟ್ಸಾಪಿನಲ್ಲಿ ಬಂತು. ಫಜಲುಲ್ಲಾ ಕನ್ನಡಕ ಮೇಲೇರಿಸಿ ನೋಡಿದರು. ಒರೆಸಿಕೊಂಡು ಮತ್ತೆ ನೋಡಿದರು.

ಫಜಲುಲ್ಲಾ: ಮುಬಾರಕ್ ಸಾಹುಕಾರ್ರೇ! ನಿಮ್ ಕೆಲಸ ಆಯ್ತು. ಅದೇ ಮಾಡೆಲ್ಲು. ತಿಮ್ಮೇಶಪ್ಪಂಗೆ ಐದೂವರೆ.

ಮಹಾಂತೇಶ್: ಎಷ್ಟು?

ಫಜಲುಲ್ಲಾ: ಐದೂವರೆ ಲಕ್ಷ. ಸಂಬಂಧದಿಂದ ರೇಟು ಇಳಿದಿಲ್ಲ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಕಾ?

ಮಹಾಂತೇಶ್ ಹೆಂಡತಿಯ ಕಡೆ ತಿರುಗಿದ. ರೂಪಶ್ರೀ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

ರೂಪಶ್ರೀ: ನಿಮ್ ಮಷಿನ್ನು ಚಲೋ ಪ್ಯಾಕ್ ಮಾಡಿರ್ತಾನೆ ಬಿಡ್ರಿ.

ಮೂರೇ ದಿನದಲ್ಲಿ ಕಸ್ಟಮ್ಸ್‌ನವರು ಆರು ಲಕ್ಷದ ಬಿಲ್ಲನ್ನು ಒಪ್ಪಿ ಮಷಿನ್ ಬಿಟ್ಟರು. ಅಂದು ಸಂಜೆ ಚೀನಾದಿಂದ ಫೋನು ಬಂತು.

ಅಶ್ವಥ್: ಏನಾಯ್ತು ಭಾವ? ಕಸ್ಟಮ್ಸ್‌ನೋರು ನನ್ ಬಿಲ್ ನಂಬಿದ್ರಾ?

ಮಹಾಂತೇಶ್: ನಂಬಿದ್ರಪ್ಪ. ಅವರು ನಿನ್ನ ನಂಬಾಕೆ ಶುರು ಮಾಡಿದ್ರು, ನಾನು ಬಿಟ್ಟೆ.