ಗಾಜು ಹೆಚ್ಚಾಯಿತು ಸರ್!

ನನ್ನ ಕೈಗೂ ಗಾಜಿಗೂ ಆಗಿಬರುವುದಿಲ್ಲ. ಮದುವೆಯಾಗಿ ಕಾಪುವಿಗೆ ಬಂದ ವಾರದಲ್ಲೇ ಉಪ್ಪಿನಕಾಯಿ ಭರಣಿ ಹೋಯಿತು, ಆಮೇಲೆ ಥರ್ಮಾಸು, ಆಮೇಲೆ ಮಾವನ ಕನ್ನಡಕ. ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುವವಳು ನಾನು; ಅಲ್ಲಿಯೂ ನನ್ನ ಕೈಯಲ್ಲಿ ಒಂದು ಸೀಮೆಸುಣ್ಣ ಇಡಿಯಾಗಿ ಉಳಿಯುವುದಿಲ್ಲ. ಇಂಥದ್ದು ಎಂತದೂ ಆಗದ ದಿನ ಮನೆಯವರೇ ಕೇಳುತ್ತಾರೆ, "ಎಂತ, ಹುಷಾರಿಲ್ಲವಾ?"

ನಮ್ಮ ಚಾವಡಿಯಲ್ಲಿ ಒಂದು ಶೋಕೇಸ್ ಉಂಟು. ಒಳಗೆ ಮೈದುನ ದುಬೈಯಿಂದ ತಂದ ಗಾಜಿನ ಲೋಟಗಳ ಸೆಟ್ಟು. ಬೀಗದ ಕೈ ಅತ್ತೆಯ ಸೊಂಟದಲ್ಲಿ. ನೆಂಟರು ಬಂದರೆ ನಾನು ಶರಬತ್ತು ಕೊಡುವುದು ಸ್ಟೀಲ್ ಲೋಟದಲ್ಲಿ. ಅತ್ತೆ ಬೈಯುವವರಲ್ಲ, ನಕ್ಕು "ನಿನ್ನ ಕೈಗೆ ಸ್ಟೀಲೇ ಚಂದ" ಎನ್ನುತ್ತಾರೆ. ಬೈದಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ. ಆ ದುಬೈ ಲೋಟಗಳನ್ನು ಒಮ್ಮೆಯಾದರೂ ನೆಂಟರ ಮುಂದೆ ನಾನೇ ಹಿಡಿಯಬೇಕು ಎನ್ನುವುದು ನನ್ನ ದೊಡ್ಡ ಆಸೆ.

ಅತ್ತೆಯದು ಇನ್ನೊಂದು ಕಟ್ಟಳೆ. ಗಾಜು "ಒಡೆಯಿತು" ಎನ್ನಬಾರದು, ಅಪಶಕುನ. "ಹೆಚ್ಚಾಯಿತು" ಎನ್ನಬೇಕು. ಈ ಲೆಕ್ಕದಲ್ಲಿ ನಾನು ಬಂದ ಮೇಲೆ ನಮ್ಮ ಮನೆಯಲ್ಲಿ ಎಲ್ಲವೂ ಹೆಚ್ಚಾಗುತ್ತಲೇ ಹೋಗಿದೆ.

ಬಾಗಿಲ ಮೇಲಿನ ಮುಖ

ಕಳೆದ ವರ್ಷ ಜೇಡನ ಬಲೆ ತೆಗೆಯಲು ಹೋಗಿ, ಎದುರು ಬಾಗಿಲ ಮೇಲಿನ ವೆಂಟಿಲೇಟರ್ ಗಾಜನ್ನೂ ಕೋಲಿನಿಂದ ತೆಗೆದುಬಿಟ್ಟೆ. ಸೊಳ್ಳೆ ಬರಬಾರದೆಂದು ಅತ್ತೆ ಅಲ್ಲಿಗೆ ಒಂದು ಫ್ಲೆಕ್ಸಿನ ತುಂಡು ಹೊಡೆಸಿದರು. ಯಾವುದೋ ಕಬಡ್ಡಿ ಪಂದ್ಯಾಟದ ಫ್ಲೆಕ್ಸ್. ಅದರಲ್ಲಿ ಬಿಳಿ ಮೀಸೆಯ ಯಾರೋ ಒಬ್ಬರು ನಗುತ್ತಿದ್ದರು.

ಒಂದು ದಿನ ಉಡುಪಿಯಿಂದ ದೂರದ ನೆಂಟರೊಬ್ಬರು ಬಂದರು. ಹೊಸ್ತಿಲಲ್ಲೇ ನಿಂತು, ಮೇಲೆ ನೋಡಿ, ಚಪ್ಪಲಿ ಬಿಟ್ಟು, ಭಕ್ತಿಯಿಂದ ಕೈ ಮುಗಿದರು. "ನಿಮ್ಮ ಮಾವ ಹೋದದ್ದು ನಮಗೆ ಗೊತ್ತೇ ಆಗಲಿಲ್ಲ ನೋಡಿ. ಒಂದು ಫೋನ್ ಆದರೂ ಮಾಡಬೇಕಿತ್ತು" ಎಂದು ಕಣ್ಣೊರೆಸಿಕೊಂಡರು.

ಆ ಮುಖದ ಕೆಳಗೇ, ಬಾಗಿಲ ಬದಿಯಲ್ಲಿ ಕೂತು ಪೇಪರ್ ಓದುತ್ತಿದ್ದ ಮಾವ ಪೇಪರ್ ಇಳಿಸಿ, "ನನಗೂ ಯಾರೂ ಹೇಳಲಿಲ್ಲ ಮಾರಾಯ್ರೇ" ಎಂದರು.

ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. "ಆ ಜಾಗಕ್ಕೆ ನಾನೇ ನನ್ನ ಕೈಯಿಂದ ಬಣ್ಣದ ಗಾಜು ಮಾಡಿ ಕೂರಿಸುತ್ತೇನೆ" ಎಂದು ಎಲ್ಲರ ಎದುರು ಹೇಳಿಬಿಟ್ಟೆ. ಆಗ ಅವರು ಇನ್ನಷ್ಟು ನಕ್ಕರು.

ಹೆಚ್ಚಾದದ್ದು ಎಲ್ಲಿ?

ಮಣಿಪಾಲದಲ್ಲಿ ಭಾನುವಾರ ಗಾಜಿನ ಕಲೆಯ ಕ್ಲಾಸ್ ಉಂಟು ಎಂದು ಸುದ್ದಿ ತಂದವಳು ನನ್ನ ಗೆಳತಿ. ಅವಳದ್ದು ಕಾಪು ಪೇಟೆಯಲ್ಲಿ ಬಳೆ ಅಂಗಡಿ, ಮನೆಮಾತು ಬ್ಯಾರಿ, ಬಾಯಿ ಬಹಳ ಜೋರು. "ಟೀಚರೇ, ನಾನೂ ಬರುತ್ತೇನೆ. ನೀವು ಒಡೆಯುವಾಗ ನೋಡಲಿಕ್ಕೆ ಒಬ್ಬರಾದರೂ ಬೇಡವಾ?" ಎಂದಳು.

ಕಲಿಸುವವರು ಮೈಸೂರು ಕಡೆಯವರು. ಗಾಜಿನ ಮೇಲೆ ಕಟ್ಟರಿನಿಂದ ಒಂದು ಗೀರು ಎಳೆದು, ಎರಡೂ ಕೈಯಿಂದ ಹಿಡಿದು, "ಹೆದರ್ಬೇಡಿ, ಮುರೀರಿ. ಮುರಿಯೋಕೇ ಬಂದಿರೋದು" ಎಂದರು. ಅಯ್ಯೋ ದೇವರೇ! ಇಡೀ ಜೀವನದಲ್ಲಿ ನನಗೆ ಈ ಮಾತನ್ನು ಯಾರೂ ಹೇಳಿರಲಿಲ್ಲ. ಕ್ಲಾಸಿನ ಕಾಲೇಜು ಹುಡುಗಿಯರೆಲ್ಲ ಕಣ್ಣು ಮುಚ್ಚಿ ನಡುಗುತ್ತಿದ್ದಾಗ ನಾನು ಟಕ್ ಎಂದು ಮುರಿದೆ. ಗೀರಿನ ಗುಂಟ ನೇರ ತುಂಡು! "ಭೇಷ್, ಕೈಯಲ್ಲಿ ಹೆದರಿಕೆಯೇ ಇಲ್ಲ" ಎಂದರು ಮೇಷ್ಟ್ರು. ಒಡೆದು ಅಭ್ಯಾಸ ಇದ್ದವರಿಗೆ ಎಂತ ಹೆದರಿಕೆ?

ಆ ಖುಷಿಯಲ್ಲಿ ಮುಂದಿನ ಗಾಜು ಮೂಲೆಯಿಂದ ಮೂಲೆಗೆ ಸೀಳಿಹೋಯಿತು. "ಏನಾಯ್ತು ಮೇಡಂ?" ಎಂದರು ಮೇಷ್ಟ್ರು ಆ ಕಡೆಯಿಂದಲೇ. ಬಾಯಿಗೆ ಅಭ್ಯಾಸವಾದ ಮಾತು ಬಂತು, "ಹೆಚ್ಚಾಯಿತು ಸರ್!"

"ಹೆಚ್ಚಾಯ್ತಾ? ಒಳ್ಳೇದಾಯ್ತು. ಇಲ್ಲಿ ಕೊಡಿ, ಇವರಿಗೆ ಕಡಿಮೆ ಬಿದ್ದಿದೆ" ಎಂದು ಕೈ ಚಾಚಿದರು. ನಾನು ಚೂರುಗಳನ್ನು ಅವರ ಮುಂದೆ ಹಿಡಿದೆ. ಅವರು ಚೂರು ನೋಡಿದರು, ನನ್ನನ್ನು ನೋಡಿದರು. ಗೆಳತಿ ನಗು ತಡೆಯಲಾರದೆ ಎದ್ದು, "ಸರ್, ಟೀಚರ್ ಹತ್ತಿರ ಯಾವಾಗಲೂ ಸ್ಟಾಕ್ ಉಂಟು" ಎಂದಳು.

ಬೆಳ್ಳುಳ್ಳಿ

ಅವರವರ ಚಿತ್ರ ಅವರವರೇ ಬರೆಯಬೇಕು ಎಂದರು ಮೇಷ್ಟ್ರು. ಗೆಳತಿ ಒಂದು ಬಂಗುಡೆ ಮೀನು ಬರೆದು, ಅದರ ಮೈಗೆ ತನ್ನ ಅಂಗಡಿಯ ಬಳೆ ಚೂರುಗಳನ್ನು ಜೋಡಿಸಿದಳು. ನಾನು ಶಂಕರಪುರದ ಮಲ್ಲಿಗೆ ಬರೆದೆ. ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿದ ಮೊಗ್ಗು, ಅಡಿಯಲ್ಲಿ ಎರಡು ಎಲೆ. ಮೇಷ್ಟ್ರು ತುಂಬಾ ಹೊತ್ತು ನೋಡಿ, "ಬೆಳ್ಳುಳ್ಳಿ ಐಡಿಯಾ ಹೊಸದು ಮೇಡಂ" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಮರುದಿನವೇ ಮಲ್ಲಿಗೆ ಮಾಲೆ ತಂದು ಎದುರಿಗಿಟ್ಟುಕೊಂಡು ಹೊಸದಾಗಿ ಬರೆದೆ. ಮುಂದಿನ ವಾರಗಳಲ್ಲಿ ಮೊಗ್ಗುಗಳನ್ನು ಕತ್ತರಿಸಿದೆ, ಅಂಚು ಉಜ್ಜಿದೆ, ತಾಮ್ರದ ಪಟ್ಟಿ ಸುತ್ತಿದೆ, ಬೆಸುಗೆ ಹಾಕಿದೆ. ಹೆಚ್ಚಾದದ್ದು ಹೆಚ್ಚಾಯಿತು, ಉಳಿದದ್ದು ಉಳಿಯಿತು.

ಅಷ್ಟರಲ್ಲಿ ಕಾರ್ಕಳದಿಂದ ನಾದಿನಿಯ ಫೋನು. "ಅತ್ತಿಗೆ, ಸುಮ್ಮನೆ ಯಾಕೆ ಕಷ್ಟ? ನಮ್ಮಲ್ಲಿ ಒಳ್ಳೆ ಕಲ್ಲಿನ ಚಪ್ಪಡಿ ಸಿಗುತ್ತದೆ. ಅದನ್ನೇ ಆ ಕಿಂಡಿಗೆ ಕೂರಿಸಿ. ನೀವು ಎಂತ ಮಾಡಿದರೂ ಅದು ಹೆಚ್ಚಾಗುವುದಿಲ್ಲ."

"ಈ ಭಾನುವಾರ ಕ್ಲಾಸ್ ಮುಗಿಯುತ್ತದೆ, ಆಚೆ ಭಾನುವಾರ ಬಾ. ಬಂದು ನೋಡಿ ಮಾತಾಡು" ಎಂದು ಫೋನ್ ಇಟ್ಟೆ.

ಮಾಂಜಿ

ಮುಗಿದ ಗಾಜನ್ನು ಪೇಪರಿನಲ್ಲಿ ಸುತ್ತಿ ಬಸ್ ಹತ್ತಿದೆವು. ಉಡುಪಿಯಲ್ಲಿ ಜನ ನುಗ್ಗಿದ್ದೇ ನುಗ್ಗಿದ್ದು. ಕಂಡಕ್ಟರ್ ಬೇರೆ "ಒಳಗೆ ಹೋಗಿ, ಒಳಗೆ ಜಾಗ ಉಂಟು" ಎಂದು ದೂಡುತ್ತಿದ್ದ. "ಗಾಜು ಉಂಟು, ಗಾಜು ಉಂಟು" ಎಂದು ನಾನು ಬೊಬ್ಬೆ ಹೊಡೆದೆ. ಒಬ್ಬರೂ ಅಲ್ಲಾಡಲಿಲ್ಲ. ಒಬ್ಬರ ಮೊಣಕೈ ನನ್ನ ಮಲ್ಲಿಗೆಗೆ ತಾಗುವುದರಲ್ಲಿತ್ತು.

ಗೆಳತಿ ಗಂಟಲು ಸರಿಮಾಡಿ, "ಸ್ವಲ್ಪ ನೋಡಿಕೊಳ್ಳಿ ಆಯ್ತಾ, ಮೀನಿನ ನೀರು ಸೋರುತ್ತಾ ಉಂಟು" ಎಂದಳು. ಅಷ್ಟೇ! ಸೀರೆ, ಪ್ಯಾಂಟು ಎಲ್ಲ ಹಿಂದೆ ಸರಿದವು. ಸುತ್ತ ಹಾಸಿಗೆ ಹಾಸಿ ಮಲಗುವಷ್ಟು ಜಾಗ. ಕಾಪುವಿನಲ್ಲಿ ಇಳಿಯುವಾಗ ಒಬ್ಬ ಅಜ್ಜ ಪೊಟ್ಟಣವನ್ನೇ ನೋಡಿ ಕೇಳಿದರು, "ಇಷ್ಟು ಚಪ್ಪಟೆ ಉಂಟಲ್ಲ, ಮಾಂಜಿ ಮೀನಾ?"

"ಹೌದು ಅಜ್ಜ. ಆದರೆ ಮುಳ್ಳು ಜಾಸ್ತಿ" ಎಂದಳು ಗೆಳತಿ.

ಸೊಂಟದ ಬೀಗದ ಕೈ

ಹೇಳಿದ ಭಾನುವಾರ ಬೆಳಿಗ್ಗೆ ಮರದ ಕೆಲಸದ ಆಚಾರಿ ಬಂದು ಫ್ಲೆಕ್ಸ್ ಕಿತ್ತು ನನ್ನ ಗಾಜು ಕೂರಿಸಿದರು. ಬಿಳಿ ಮೀಸೆಯವರನ್ನು ಮಾವ ಮರ್ಯಾದೆಯಿಂದ ಮಡಚಿ ಅಟ್ಟಕ್ಕೆ ಹಾಕಿದರು. ನಾದಿನಿಯೂ ಅವಳ ಗಂಡನೂ ಬಂದು ಕೂತ ಹೊತ್ತಿಗೆ ಸರಿಯಾಗಿ ಬಿಸಿಲು ಬಿತ್ತು. ಚಾವಡಿಯ ನೆಲದ ಮೇಲೆ ಮಲ್ಲಿಗೆ ಮೊಗ್ಗು, ಹಸಿರು ಎಲೆ.

"ಯಾವ ಅಂಗಡಿಯದ್ದು?" ಎಂದಳು ನಾದಿನಿ.

"ನನ್ನ ಕೈಯದ್ದು" ಎಂದೆ. ಹಾಗೆ ಹೇಳುವಾಗ ಎಷ್ಟು ಸುಖ ಆಯಿತೆಂದು ಬಾಯಲ್ಲಿ ಹೇಳಲು ಸಾಧ್ಯವಿಲ್ಲ.

"ಬೆಳ್ಳುಳ್ಳಿ ಅಲ್ಲ, ಮಲ್ಲಿಗೆ" ಎಂದು, ನೋಡಲು ಬಂದಿದ್ದ ಗೆಳತಿ ಪಕ್ಕದಿಂದ ಸೇರಿಸಿದಳು.

ನಾದಿನಿ ಸ್ವರ ತಗ್ಗಿಸಿ, "ಅತ್ತಿಗೆ, ನಮ್ಮ ಮನೆಗೂ ಒಂದು ಮಾಡಿಕೊಡಬಹುದಾ?" ಎಂದಳು. "ಚಪ್ಪಡಿ ಬೇಡವಾ?" ಎಂದು ಕೇಳದೆ ಬಿಡಲು ನಾನೇನು ಸನ್ಯಾಸಿಯಾ?

ಅತ್ತೆ ಎದ್ದರು. ಸೊಂಟದಿಂದ ಬೀಗದ ಕೈ ತೆಗೆದು ಶೋಕೇಸ್ ತೆರೆದರು. ದುಬೈ ಲೋಟಗಳನ್ನು ತಾವೇ ತೊಳೆದು, ಶರಬತ್ತು ತುಂಬಿಸಿ, ಟ್ರೇಯನ್ನು ನನ್ನ ಕೈಗೆ ಕೊಟ್ಟರು. "ನೀನೇ ಕೊಡು" ಎಂದರು.

ಮಾವ ಕಾಲು ಮೇಲೆತ್ತಿ ಕೂತು ದಾರಿ ಬಿಟ್ಟರು. ಒಬ್ಬೊಬ್ಬರಿಗೂ ಕೊಟ್ಟೆ. ಒಂದು ಹನಿ ಚೆಲ್ಲಲಿಲ್ಲ. ಎಲ್ಲರೂ ಕುಡಿದು ಮುಗಿಸಿದರು. ಟ್ರೇಗೆ ಎಲ್ಲ ಲೋಟಗಳೂ ಇಡಿಯಾಗಿ ವಾಪಸ್ ಬಂದವು. ಗೆದ್ದೆ ಎಂದುಕೊಂಡೆ.

"ಒಳಗೆ ಇಡುವುದು ಮಾತ್ರ ನಾನು" ಎಂದು ಅತ್ತೆ ಟ್ರೇ ತೆಗೆದುಕೊಂಡರು. ಶೋಕೇಸಿನ ಕಡೆ ಹೊರಟ ಅತ್ತೆ ಬಾಗಿಲ ಮೇಲಿನ ಮಲ್ಲಿಗೆಯನ್ನು ಮತ್ತೊಮ್ಮೆ ತಿರುಗಿ ನೋಡಿದರು. ನೋಡುತ್ತಾ ನೋಡುತ್ತಾ ಶೋಕೇಸಿನ ಮೂಲೆಗೇ ಢಿಕ್ಕಿ ಹೊಡೆದರು. ಠಳಾರ್!

ಅತ್ತೆ ನೆಲದ ಮೇಲಿನ ಲೋಟದ ಚೂರುಗಳನ್ನು ನೋಡಿ, ಮೆಲ್ಲಗೆ, "ಎಂತ ಇಲ್ಲ. ಒಂದು ಸ್ವಲ್ಪ ಹೆಚ್ಚಾಯಿತು" ಎಂದರು.

"ಹೆಚ್ಚಾದದ್ದನ್ನು ಇಲ್ಲಿ ಕೊಡಿ ಅತ್ತೆ. ಕಾರ್ಕಳದ ಕಿಟಕಿಗೆ ಕಡಿಮೆ ಬಿದ್ದಿದೆ" ಎಂದೆ.

ಅತ್ತೆ ನನ್ನನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಅವರು ಬೀಗದ ಕೈಯನ್ನು ನನ್ನ ಕೈಗೆ ಹಾಕಿ, "ಉಳಿದದ್ದನ್ನು ಇನ್ನು ನೀನೇ ನೋಡಿಕೋ ಮಾರಾಯ್ತಿ, ನನ್ನ ಕೈಗೆ ಸ್ಟೀಲೇ ಚಂದ" ಎಂದರು.