ಸೀಬೆಮರದ ಮೂರು ಗಂಟು

"ಇವತ್ತಿನಿಂದ ಕೋಪ ಅನ್ನೋದು ಈ ಭೋಜರಾಜನ ಹೊಸ್ತಿಲು ದಾಟೋ ಹಾಗಿಲ್ಲ!" ಶುಕ್ರವಾರ ದೇವರ ಮುಂದೆ ಕರ್ಪೂರ ಹಚ್ಚಿ ಹೀಗೆ ಸಾರಿದವನು ರಾಯಪುರಂ ಗೂಡ್ಸ್ ಶೆಡ್ಡಿನ ಭೋಜರಾಜ.

"ಕರ್ಪೂರ ಆರೋವರೆಗಾದ್ರೂ ನಿಲ್ಲುತ್ತಾ ನೋಡೋಣ" ಎಂದಳು ಹೆಂಡತಿ ಅಂಬುಜಾ.

ಶನಿವಾರ ಬೆಳಗಿನವರೆಗೂ ನಿಂತಿತು! ಸಾಮಾನ್ಯ ಸಾಧನೆಯೇ?

ಆ ವರ್ಷ ಚೆನ್ನೈಗೆ ಮಳೆಯಿಲ್ಲ. ಬೀದಿಗೆ ನೀರಿನ ಲಾರಿ ಬಂತೆಂದರೆ ಕೊಡಗಳ ಕುರುಕ್ಷೇತ್ರ! ಕೆಳಮನೆಯ ಓನರ್ ಶಿವಲಿಂಗಮ್ಮ ಒಂದು ಕೊಡ ಹೆಚ್ಚಿಗೆ ಹಿಡಿದರೆಂದು ಹೋದ ವಾರವಷ್ಟೇ ಅವನು ರಂಪ ಮಾಡಿ ಮಾತು ಬಿಟ್ಟಿದ್ದ.

ಅಂಬುಜಾ ಲಾರಿ ಹತ್ತಿರ ಹೋಗಿದ್ದಳು. ಹಲ್ಲುಜ್ಜುತ್ತಾ ಅಂಗಳದ ಸೀಬೆಮರ ನೋಡಿದ ಭೋಜರಾಜನ ಎದೆ ಧಸಕ್ಕೆಂದಿತು. ಎರಡು ಕೊಂಬೆಗೆ ಎರಡು ಗಂಟು! ಪ್ಲಾಸ್ಟಿಕ್ ಒಳಗೆ ಏನೋ ಕಪ್ಪಗೆ, ಮೇಲೆ ಕೆಂಪು ದಾರ!

"ಮಾಟ!" ಬಾಯಿಯ ನೊರೆ ಹಾರಿಸುತ್ತಲೇ ಗುಡುಗಿದ. "ಒಂದು ಕೊಡ ನೀರಿಗೆ ಮಾಟ ಮಾಡ್ಸಿದ್ರೇನ್ರೀ ಶಿವಲಿಂಗಮ್ಮ?"

"ಅಯ್ಯೋ, ಅದು ಮಾಟ ಅಲ್ಲಪ್ಪಾ, ಅದು ನಿನ್ನ..."

"ಬಾಯಿ ಮುಚ್ಚಿ!"

ಬೀದಿಯೆಲ್ಲ ಸೇರಿತು. ಭೋಜರಾಜ ಕೊಂಬೆ ಸಮೇತ ಎರಡನ್ನೂ ಕತ್ತರಿಸಿ, ಪೇಪರಿನಲ್ಲಿ ಸುತ್ತಿ, ಆಟೋ ಹತ್ತಿ, ಕಾಸಿಮೇಡಿನ ಸಮುದ್ರಕ್ಕೆ ಎಸೆದ. ತಿರುಗಿ ನೋಡಬಾರದೆಂದು ನೆಟ್ಟಗೆ ಮುಂದೆ ನೋಡಿ ನಡೆದಿದ್ದರೆ ಬೇರೆ ಮಾತು. ಕಣ್ಣು ಮುಚ್ಚಿ ಓಡಿದವನು ಮೀನಿನ ಬುಟ್ಟಿಯ ಮೇಲೇ ಬಿದ್ದ! ಮನೆಗೆ ಬಂದು ದೋಷಕ್ಕೂ ವಾಸನೆಗೂ ಸೇರಿಸಿ ಎರಡು ಕೊಡ ತಲೆಗೆ ಸುರಿದುಕೊಂಡ.

"ರೀ, ಅದು ಕುಡಿಯೋ ನೀರು!" ಅಂಬುಜಾ ಕಿರುಚುವುದಕ್ಕೂ ಫೋನ್ ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು. ಹಾಸ್ಟೆಲಿನಿಂದ ಮಗಳು ಚಿನ್ಮಯಿ, ತೋಟಗಾರಿಕೆ ಓದುತ್ತಿರುವವಳು.

"ಅಪ್ಪಾ, ಮಂಡೇ ಪ್ರಾಕ್ಟಿಕಲ್. ಸೀಬೆಮರಕ್ಕೆ ನಾನು ಹೋದ ರಜೇಲಿ ಕಟ್ಟಿದ ಗೂಟಿ ನೋಡಪ್ಪಾ, ಬೇರು ಬಂದಿದ್ಯಾ? ಇಲ್ಲಾಂದ್ರೆ ಫೇಲ್!"

"ಗೂ... ಗೂಟಿ?"

"ಕೊಂಬೆ ಸಿಪ್ಪೆ ಉಂಗುರದ ಹಾಗೆ ತೆಗೆದು, ಒದ್ದೆ ಪಾಚಿ ಇಟ್ಟು ಪ್ಲಾಸ್ಟಿಕ್ ಸುತ್ತಿದ್ರೆ ಮರದಲ್ಲೇ ಬೇರು ಬರುತ್ತೆ. ಹೊಸ ಗಿಡ! ಕೆಳಮನೆ ಶಿವಲಿಂಗಮ್ಮ ಪಾಟಿ ದಿನಾ ಒಂದು ಕೊಡ ಹೆಚ್ಚಿಗೆ ಹಿಡಿದು ಆ ಮರಕ್ಕೆ ಹಾಕ್ತಿದಾರಂತೆ. ಥ್ಯಾಂಕ್ಸ್ ಹೇಳು."

ಭೋಜರಾಜ ಫೋನ್ ಇಟ್ಟ.

"ನಂಗ್ಯಾಕೆ ಹೇಳ್ಲಿಲ್ಲ?" ಹೆಂಡತಿಯತ್ತ ತಿರುಗಿದ.

"ಯಾರಾದ್ರೂ ಪೂರ್ತಿ ಹೇಳೋವರೆಗೂ ನೀವು ಕೇಳಿದ್ದು ಯಾವತ್ತು?"

ಉಳಿದ ಒಂದೇ ಕೊಡ ಹೊತ್ತು ಕೆಳಗಿಳಿದ. ಬೆಳಿಗ್ಗೆ ಬೀದಿಗೆಲ್ಲ ಕೇಳಿಸಿದ ಗಂಟಲಿನಿಂದ ಈಗ ಬಾಗಿಲ ತನಕವೂ ದನಿ ಹೋಗಲಿಲ್ಲ.

"ಅಮ್ಮಾ... ತಪ್ಪಾಯ್ತು. ಮಗು ಪರೀಕ್ಷೆ..."

ಶಿವಲಿಂಗಮ್ಮ ಅವನನ್ನು ಮರದ ಹಿಂಬದಿಗೆ ಕರೆದೊಯ್ದರು. ಅವರ ಅಡುಗೆಮನೆ ಕಿಟಕಿಗೆ ಬಾಗಿದ ಕೊಂಬೆಯಲ್ಲಿ ಮೂರನೆಯ ಗಂಟು! ಪ್ಲಾಸ್ಟಿಕ್ ತುಂಬ ಬಿಳಿ ಬೇರು. ಭೋಜರಾಜನ ಕಣ್ಣು ಒದ್ದೆಯಾಯಿತು. ಪಕ್ಕದಲ್ಲೇ ನಿಂಬೆಹಣ್ಣು, ಮೆಣಸಿನಕಾಯಿ ನೇತಾಡುತ್ತಿದ್ದವು.

"ಈ ನಿಂಬೆಹಣ್ಣೂ ಪ್ರಾಕ್ಟಿಕಲ್‌ಗೇನಮ್ಮಾ?"

"ಇಲ್ಲಪ್ಪಾ. ಅದು ಈಗ ತಾನೇ ನಾನು ಕಟ್ಟಿದ್ದು. ನಿನ್ನ ಕಣ್ಣು ಬೀಳದಿರ್ಲಿ ಅಂತ!"