ಸರಸಕ್ಕನ ಮುಖದ ಗಂಟಿನ ಬಗ್ಗೆ

ಗೆ,
ಮುಖ್ಯ ಅಧಿಕಾರಿಗಳು, ಕ್ಲೇಮು ವಿಭಾಗ,
ಅಭಯಸಿಂಧು ವೃತ್ತಿ ಹೊಣೆ ವಿಮಾ ಕಂಪನಿ, ಮಣಿಪಾಲ ಶಾಖೆ.

ಮಾನ್ಯರೇ,

ತಾವೂ, ತಮ್ಮ ಮೇಜಿನ ಮೇಲಿರುವ ನನ್ನ ಕಡತವೂ ಕ್ಷೇಮವೆಂದು ಭಾವಿಸಿ, ಕಾಪುವಿನಿಂದ ಎರಡೂ ಕೈ ಜೋಡಿಸಿ ಬರೆಯುತ್ತಿರುವ ಈ ಪತ್ರವನ್ನು ಊರವರೂ ಓದಲಿ ಎಂದು ಬಹಿರಂಗವಾಗಿಯೇ ಕಳುಹಿಸುತ್ತಿದ್ದೇನೆ, ಏಕೆಂದರೆ ಖಾಸಗಿಯಾಗಿ ಕಳುಹಿಸಿದ ಒಂಬತ್ತು ಪತ್ರಗಳನ್ನು ತಾವು ಓದಿದ ರೀತಿಯಿಂದ ನಾನಿನ್ನೂ ಚೇತರಿಸಿಕೊಂಡಿಲ್ಲ.

ನಾನು ಚರ್ಮದ ವೈದ್ಯೆ. ಹಣೆಯ ಸುಕ್ಕು ಹೋಗಲಿಕ್ಕೆ, ತುಟಿ ತುಂಬಲಿಕ್ಕೆ ಇಂಜೆಕ್ಷನ್ ಕೊಡುವವಳು. ಇಂಥ ಕೆಲಸದಲ್ಲಿ ಯಾರಾದರೂ ನನ್ನ ಮೇಲೆ ಕೇಸು ಹಾಕಿದರೆ ವಕೀಲರನ್ನು ಕಳುಹಿಸಿ ಕಾಪಾಡುತ್ತೇವೆಂದು ತಮ್ಮ ಪಾಲಿಸಿಯ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಉಂಟು. ಅದನ್ನು ಓದಿದ ದಿನ ನಾನು ಎಷ್ಟು ನಿಶ್ಚಿಂತೆಯಿಂದ ಸಹಿ ಹಾಕಿದೆ ಎಂದು ನೆನೆದರೆ ಈಗ ನನ್ನ ಮೇಲೇ ನನಗೆ ಕನಿಕರ ಬರುತ್ತದೆ.

ಕೇಸು ಹಾಕಿದವರು ನಮ್ಮ ಮಾರ್ಕೆಟಿನಲ್ಲಿ ಮೀನು ಮಾರುವ ಸರಸಕ್ಕ. ಮಗಳು ಅಕ್ಷಿತಾಳ ನಿಶ್ಚಿತಾರ್ಥದ ಫೋಟೋಗಳಲ್ಲಿ ತಾಯಿ ಬೀಗರ ಜೊತೆ ಜಗಳಕ್ಕೆ ನಿಂತಂತೆ ಕಾಣಬಾರದೆಂದು ಆ ಮಗಳೇ ಅವರನ್ನು ಕೈಹಿಡಿದು ನನ್ನಲ್ಲಿಗೆ ಕರೆತಂದಳು. ನಾನು ಹುಬ್ಬುಗಳ ನಡುವೆ ಇಂಜೆಕ್ಷನ್ ಕೊಟ್ಟು, ಮೂರ್ನಾಲ್ಕು ತಿಂಗಳು ಮುಖ ಗಂಟು ಹಾಕಲಿಕ್ಕೆ ಆಗುವುದಿಲ್ಲವೆಂದು ಹೇಳಿಯೂ ಇದ್ದೆ. ಫೋಟೋ ಬಹಳ ಚೆನ್ನಾಗಿ ಬಂತು. ಆದರೆ ಮಾನ್ಯರೇ, ಸರಸಕ್ಕ ಮೂವತ್ತು ವರ್ಷ ವ್ಯಾಪಾರ ಮಾಡಿದ್ದು ಬಾಯಿಂದಲ್ಲ, ಆ ಗಂಟಿನಿಂದ ಎಂಬುದು ಆಗ ನನಗೂ ತಿಳಿದಿರಲಿಲ್ಲ, ಬಹುಶಃ ಅವರಿಗೂ ತಿಳಿದಿರಲಿಲ್ಲ. ಅಂಜಲ್ ಮೀನಿಗೆ ಯಾರಾದರೂ ಅರ್ಧ ರೇಟು ಕೇಳಿದರೆ ಅವರು ತಲೆ ಎತ್ತಿ ಹುಬ್ಬು ಗಂಟಿಕ್ಕುತ್ತಿದ್ದರು, ಗಿರಾಕಿ ಸುಮ್ಮನೆ ಹೇಳಿದಷ್ಟು ಕೊಟ್ಟು ಹೋಗುತ್ತಿದ್ದ. ಈಗ ಅವರು ಎಷ್ಟು ಸಿಟ್ಟಾದರೂ ಹಣೆ ದೋಸೆಕಲ್ಲಿನಂತೆ ನುಣ್ಣಗಿರುತ್ತದೆ, ಗಿರಾಕಿ ಒಪ್ಪಿಗೆಯಾಯಿತೆಂದು ಮೀನು ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಸಾವಿನ ಮನೆಗೆ ಹೋದರೂ ಪ್ರಸನ್ನವದನರಾಗಿ ಕುಳಿತಿರುತ್ತಾರೆಂದು ನೆಂಟರು ಮಾತು ಬಿಟ್ಟಿದ್ದಾರೆ. ಬೆಳಗ್ಗೆ ಮಾರ್ಕೆಟಿನಲ್ಲಿ ಸೋತು, ಮಧ್ಯಾಹ್ನ ನನ್ನ ಕ್ಲಿನಿಕ್ಕಿಗೆ ಬಂದು, "ಡಾಕ್ಟ್ರೇ, ನನ್ನ ಗಂಟು ಎಲ್ಲಿ ಉಂಟು?" ಎಂದು ಕೇಳಿ ಬಾಗಿಲ ಬಳಿ ಕೂರುತ್ತಿದ್ದರು. ಅವರ ಶಾಂತ ಮುಖ ನೋಡಿ ಹೊಸ ಗಿರಾಕಿಗಳು ಚಿಕಿತ್ಸೆ ಫಲಿಸಿದೆಯೆಂದು ತಿಳಿದು ಚೀಟಿ ಮಾಡಿಸಿಕೊಂಡರು. ನನಗೆ ನಾಚಿಕೆಯಾಯಿತು.

ಕೊನೆಗೆ ಅವರು ಗ್ರಾಹಕರ ನ್ಯಾಯಾಲಯಕ್ಕೆ ಸ್ವಚ್ಛ ಕನ್ನಡದಲ್ಲಿ, "ಡಾಕ್ಟರರು ಸೂಜಿ ಹಾಕಿ ನನ್ನ ಮುಖದ ಗಂಟು ತೆಗೆದಿದ್ದಾರೆ, ಅದನ್ನು ವಾಪಸು ಕೊಡಿಸಬೇಕು" ಎಂದು ಬರೆದು ಕೊಟ್ಟರು. ಆ ಒಂದು ವಾಕ್ಯವನ್ನು ತಾವು ಓದಿದ ಬಗೆಯನ್ನು ಕನ್ನಡದ ಪಂಡಿತರು ಕಲಿಯಬೇಕು. ಗಂಟು ತೆಗೆಯುವುದು ಶಸ್ತ್ರಚಿಕಿತ್ಸೆ, ತಮ್ಮ ಪಾಲಿಸಿ ಇಂಜೆಕ್ಷನ್ನಿಗೆ ಮಾತ್ರ, ಆದ್ದರಿಂದ ವಕೀಲರಿಲ್ಲ. ಮೇಲಾಗಿ ತೆಗೆದ ಗಂಟಿನ ಲ್ಯಾಬ್ ರಿಪೋರ್ಟನ್ನು ಏಳು ದಿನದೊಳಗೆ ಕಳುಹಿಸಬೇಕೆಂದು ಉತ್ತರ ಬಂತು. ಅದು ಮಾಂಸದ ಗಂಟಲ್ಲ, ನಾನು ಏನನ್ನೂ ಕತ್ತರಿಸಿಲ್ಲ, ಗಂಟು ತಾನಾಗಿ ಕಾಣೆಯಾಗಿದೆ ಎಂದು ವಿವರಿಸಿದೆ. "ಕಾಣೆಯಾಗಿದೆ" ಎಂದು ಬರೆದದ್ದು ನನ್ನದೇ ತಪ್ಪು. ಕಾಣೆಯಾದ ಗಂಟು ಕಳವಿನ ವಿಚಾರವೆಂದೂ, ಠಾಣೆಯಲ್ಲಿ ದೂರು ಕೊಟ್ಟು, ಗಂಟಿನೊಳಗೆ ಏನೇನಿತ್ತೆಂಬ ಪಟ್ಟಿಯನ್ನು ಲಗತ್ತಿಸಬೇಕೆಂದೂ ತಾವು ಅಪ್ಪಣೆ ಕೊಡಿಸಿದಿರಿ. ನಾನು ಪ್ರಾಮಾಣಿಕವಾಗಿ ಬರೆದು ಕಳುಹಿಸಿದೆ: ಸಿಟ್ಟು, ಅನುಮಾನ, ಮೂವತ್ತು ವರ್ಷದ ಮರ್ಯಾದೆ. ಈ ಮೂರಕ್ಕೂ ಖರೀದಿ ರಶೀದಿ ಇಲ್ಲವೆಂದು ಪಟ್ಟಿ ವಾಪಸು ಬಂತು.

ಆಮೇಲೆ ತಾವು ದೊಡ್ಡ ಮನಸ್ಸು ಮಾಡಿ ಸರ್ವೇಯರ್ ಲಿಯೋನೆಲ್ ಅವರನ್ನು ಮಾರ್ಕೆಟಿಗೇ ಕಳುಹಿಸಿದ್ದನ್ನು ನಾನು ಮರೆಯಲಾರೆ. ಸರಸಕ್ಕ ಬಂಗುಡೆಯ ಬುಟ್ಟಿ ಪಕ್ಕಕ್ಕಿಟ್ಟು ಅರ್ಧ ಗಂಟೆ ಅವರಿಗೆ ತುಳುವಿನಲ್ಲಿ ಬೈದರು. ಅಂಥ ಬೈಗುಳ ಕೇಳಿ ಎಷ್ಟೋ ವರ್ಷವಾಯಿತೆಂದು ಪಕ್ಕದ ಒಣಮೀನಿನ ಸುಂದರಿಯಕ್ಕ ಸಾಕ್ಷಿ ಹೇಳಿದ್ದಾರೆ. ಲಿಯೋನೆಲ್ ಅವರು ಮಾತ್ರ ಮುಖವನ್ನಷ್ಟೇ ಪರಿಶೀಲಿಸಿ, "ದೂರುದಾರರು ಪ್ರಸನ್ನರಾಗಿದ್ದಾರೆ, ಧ್ವನಿ ತುಸು ಏರಿದ್ದರೂ ಮುಖವು ಮಾತನ್ನು ಸಮರ್ಥಿಸುವುದಿಲ್ಲ, ಹಾನಿ ಕಂಡುಬಂದಿಲ್ಲ" ಎಂದು ಫೋಟೋ ಸಮೇತ ವರದಿ ಒಪ್ಪಿಸಿದರು. ಹಾನಿಯ ಫೋಟೋವನ್ನೇ ಹಾನಿಯಿಲ್ಲದ್ದಕ್ಕೆ ಪುರಾವೆಯಾಗಿ ಬಳಸಿದ ತಮ್ಮ ಕಂಪನಿಯ ಬುದ್ಧಿಗೆ ನಾನು ತಲೆಬಾಗುತ್ತೇನೆ.

ಇಷ್ಟು ಮಾಡಿದ ತಮ್ಮಲ್ಲಿ ಇನ್ನೂ ಒಂದೆರಡು ಸಣ್ಣ ಕೋರಿಕೆಗಳನ್ನು ಇಡಲು ಸಂಕೋಚವಾಗುತ್ತದೆ. ಮುಂದಿನ ವರ್ಷದ ಪಾಲಿಸಿಯಲ್ಲಿ ಬಸ್ ಕಂಡಕ್ಟರರು, ಹೈಸ್ಕೂಲಿನ ಗಣಿತ ಮೇಷ್ಟ್ರುಗಳು ಮತ್ತು ಹೊಸದಾಗಿ ಅತ್ತೆಯಾದವರ ಮುಖದ ಗಂಟುಗಳಿಗೆ ಪ್ರತ್ಯೇಕ ರಕ್ಷಣೆ ಒದಗಿಸಬೇಕು. ಗ್ಯಾರೇಜಿನವರು ರಿಪೇರಿ ಮುಗಿಯುವವರೆಗೆ ಬೇರೆ ಕಾರು ಕೊಡುವ ಹಾಗೆ, ಸ್ವಂತ ಗಂಟು ಮರಳುವವರೆಗೆ ಬದಲಿ ಗಂಟಿನ ವ್ಯವಸ್ಥೆಯಾಗಬೇಕು. ಅಂದರೆ ತಮ್ಮ ಕಚೇರಿಯ ಯಾರಾದರೂ ಹಿರಿಯರು ಬೆಳಗ್ಗೆ ಏಳರಿಂದ ಹನ್ನೊಂದರವರೆಗೆ ಸರಸಕ್ಕನ ಬೆನ್ನ ಹಿಂದೆ ನಿಂತು, ಗಿರಾಕಿ ರೇಟು ಕೇಳಿದಾಗಲೆಲ್ಲ ಅವರ ಪರವಾಗಿ ಹುಬ್ಬು ಗಂಟಿಕ್ಕಬೇಕು. ಮಂಜುಗಡ್ಡೆಯ ನೀರು ಕಾಲಿಗೆ ತಾಗುತ್ತದೆ, ಚಪ್ಪಲಿ ಹಳೆಯದಿರಲಿ.

ಇಷ್ಟರಲ್ಲಿ ವಿಚಾರಣೆಗೆ ಹನ್ನೆರಡು ದಿನ ಉಳಿಯಿತು. ನನಗೆ ವಕೀಲರಿಲ್ಲ. ಕ್ಲಿನಿಕ್ ಮುಚ್ಚಬೇಕಾದೀತೆಂದು ನಾನು ನಿಜಕ್ಕೂ ಹೆದರಿದ್ದೆ. ಆಗ ತಮ್ಮ ಕೊನೆಯ ಪತ್ರ ಬಂತು: ಗಂಟು ಪತ್ತೆಯಾದಲ್ಲಿ ಅದನ್ನು ಮೂಲರೂಪದಲ್ಲಿ, ಗುರುತಿನ ಚೀಟಿಯೊಂದಿಗೆ, ತಮ್ಮ ಮುಂದೆ ಖುದ್ದಾಗಿ ಹಾಜರುಪಡಿಸತಕ್ಕದ್ದು. ಬಾಗಿಲ ಬಳಿ ಕುಳಿತಿದ್ದ ಸರಸಕ್ಕನಿಗೆ ಅದನ್ನು ಓದಿ ಹೇಳಿದೆ. ಅವರು ಇನ್ನೊಮ್ಮೆ ಓದಿಸಿದರು. ಎರಡನೆಯ ಸಲ "ಹಾಜರುಪಡಿಸತಕ್ಕದ್ದು" ಎನ್ನುವಾಗ ಅವರ ಎಡಹುಬ್ಬು ಅಲುಗಿತು, ಬಲಹುಬ್ಬು ಅದರ ಹತ್ತಿರ ಬಂತು, ನಾಲ್ಕು ತಿಂಗಳ ಮೇಲೆ ಆ ಗಂಟು ಮೊದಲಿಗಿಂತ ಬಿಗಿಯಾಗಿ ಬಿದ್ದಿತು. ಇಬ್ಬರೂ ಕನ್ನಡಿ ನೋಡಿ ಅತ್ತೆವು. ಔಷಧದ ಪ್ರಭಾವ ಇಳಿಯುವ ಹೊತ್ತಾಗಿತ್ತೆಂದು ವೈದ್ಯೆಯಾಗಿ ನನಗೆ ಗೊತ್ತು. ಆದರೆ ಕೀರ್ತಿ ತಮ್ಮ ಪತ್ರಕ್ಕೇ ಸಲ್ಲಬೇಕೆಂದು ಸರಸಕ್ಕ ಹಟ ಹಿಡಿದಿದ್ದಾರೆ.

ನನ್ನ ಮೇಲಿನ ಕೇಸನ್ನು ಅವರು ನಿನ್ನೆ ಹಿಂತೆಗೆದುಕೊಂಡರು. ನಾಲ್ಕು ತಿಂಗಳಿಂದ ಒಳಗೇ ಉಳಿದ ಸಿಟ್ಟನ್ನು ಎಲ್ಲಿ ಇಳಿಸುವುದೆಂದು ಕೇಳಿದ್ದಕ್ಕೆ, ತಮ್ಮ ಕೋಣೆ ಎರಡನೇ ಮಹಡಿಯಲ್ಲಿ ಎಡಗಡೆಗೆ ಉಂಟೆಂದು ತಿಳಿಸಿದ್ದೇನೆ. ಸೋಮವಾರ ಬೆಳಗ್ಗೆ ಮೊದಲ ಬಸ್ಸಿಗೆ ಗಂಟು ಮೂಲರೂಪದಲ್ಲಿ ಹೊರಡುತ್ತದೆ. ಗುರುತಿನ ಚೀಟಿ ತೋರಿಸಬೇಕಾದ ಅಗತ್ಯ ಬೀಳಲಾರದು.

ಪ್ರೀಮಿಯಂ ತಪ್ಪದೆ ಕಟ್ಟಿಯೂ ತಮ್ಮನ್ನು ಪ್ರೀತಿಸುತ್ತಿರುವ,
ತಮ್ಮ ವಿಶ್ವಾಸಿ,
ಡಾ. ಯಶ್ಮಿತಾ, ಕಾಪು

ತಾ.ಕ.: ಸೋಮವಾರದ ಭೇಟಿಯ ಬಳಿಕ ತಮ್ಮ ಹಣೆಯ ಮೇಲೆ ಹೊಸ ಗೆರೆಗಳು ಮೂಡಿದರೆ ಗುರುವಾರ ನನಗೆ ಬಿಡುವಿದೆ, ತಮಗೆ ಚಿಕಿತ್ಸೆ ಉಚಿತ. ಸೂಜಿ ಹಾಕುವಾಗ ನನ್ನ ಕೈ ತುಸು ನಡುಗಿ ಏನಾದರೂ ಹೆಚ್ಚುಕಡಿಮೆಯಾದರೆ ಮಾತ್ರ, ನನ್ನ ವಿಮೆ ತಮ್ಮ ಕಂಪನಿಯದೇ ಎಂಬುದನ್ನು ಮುಂಚಿತವಾಗಿ ತಿಳಿಸುವುದು ನನ್ನ ವೃತ್ತಿಧರ್ಮ.